ಸರ್ಕಾರಿ ಆಯೋಗಗಳ ಸಭೆ, ವಿಚಾರಣೆಗಳಲ್ಲಿ ಸಾರ್ವಜನಿಕರು ಭಾಗವಹಿಸುವ ಬಗೆ: ಕಲಬುರಗಿ, ಬೀದರ್, ಯಾದಗಿರಿಯವರಿಗೆ ಕೈಪಿಡಿ

ಮನೆಯ ಕರೆಂಟ್ ಬಿಲ್ಲಿನ ದರ, ಒಂದು ಜಾತಿಯನ್ನು ಹಿಂದುಳಿದ ವರ್ಗಗಳ ಪಟ್ಟಿಗೆ ಸೇರಿಸುವ ಬೇಡಿಕೆ, ನಮ್ಮ ಊರು ಯಾವ ವಿಧಾನಸಭಾ ಕ್ಷೇತ್ರಕ್ಕೆ ಸೇರಬೇಕೆಂಬ ಪ್ರಶ್ನೆ: ಇವೆಲ್ಲವೂ ಒಂದಲ್ಲ ಒಂದು ಆಯೋಗದ ಮುಂದೆ ಬರುತ್ತವೆ. ಆದರೂ ಆಯೋಗವೆಂದರೆ ಬೆಂಗಳೂರಿನಲ್ಲಿ ಅಧಿಕಾರಿಗಳು ಮತ್ತು ವಕೀಲರು ಕುಳಿತು ಮುಗಿಸುವ ಕೆಲಸ ಎಂದು ನಮ್ಮ ಭಾಗದ ಬಹಳಷ್ಟು ಜನ ನಂಬಿಕೊಂಡಿದ್ದಾರೆ. ಈ ನಂಬಿಕೆಯಿಂದ ಕಲ್ಯಾಣ ಕರ್ನಾಟಕಕ್ಕೆ ಆಗುವ ನಷ್ಟ ದೊಡ್ಡದು, ಏಕೆಂದರೆ ಯಾರೂ ಆಕ್ಷೇಪಿಸದ ಲೆಕ್ಕವನ್ನು ಆಯೋಗ ಒಪ್ಪಿಕೊಳ್ಳುವುದು ಸುಲಭ. ಯಾವ ಬಾಗಿಲು ತೆರೆದಿದೆ, ಯಾವುದು ಮುಚ್ಚಿದೆ, ಮುಚ್ಚಿದ ಬಾಗಿಲಿನ ಹಿಂದೆ ನಡೆದದ್ದನ್ನು ತಿಳಿಯುವ ದಾರಿ ಯಾವುದು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಮೊದಲಿಗೆ ಒಂದು ವಿಷಯವನ್ನು ಸ್ಪಷ್ಟಪಡಿಸಿಕೊಳ್ಳಬೇಕು. ಸರ್ಕಾರದ ಎಲ್ಲ ಆಯೋಗಗಳ ಎಲ್ಲ ಸಭೆಗಳಿಗೂ ಸಾರ್ವಜನಿಕರಿಗೆ ಪ್ರವೇಶವಿರಬೇಕು ಎಂದು ಹೇಳುವ ಒಂದೇ ಕಾನೂನು ನಮ್ಮ ದೇಶದಲ್ಲಿಲ್ಲ. ಪ್ರತಿಯೊಂದು ಆಯೋಗಕ್ಕೂ ಅದರದೇ ಕಾಯ್ದೆ, ಅದರದೇ ನಿಯಮಗಳಿವೆ. ಸ್ಥೂಲವಾಗಿ ಹೇಳುವುದಾದರೆ, ಅಧ್ಯಕ್ಷರು ಮತ್ತು ಸದಸ್ಯರು ತಮ್ಮೊಳಗೆ ಚರ್ಚಿಸುವ ಆಂತರಿಕ ಸಭೆಗೆ ಹೊರಗಿನವರನ್ನು ಕರೆಯುವುದಿಲ್ಲ. ಜನರ ಅಹವಾಲು, ಆಕ್ಷೇಪಣೆ, ಸಾಕ್ಷ್ಯಗಳನ್ನು ಕೇಳುವ ಸಾರ್ವಜನಿಕ ವಿಚಾರಣೆಗೆ ಬರಬಹುದು. ಆಂತರಿಕ ಸಭೆಯ ನಡಾವಳಿಯನ್ನು, ಅಂದರೆ ಅಲ್ಲಿ ನಡೆದದ್ದರ ಲಿಖಿತ ದಾಖಲೆಯನ್ನು, ಮಾಹಿತಿ ಹಕ್ಕಿನಡಿ ಕೇಳಿ ಪಡೆಯಬಹುದು. ಹೀಗಾಗಿ ಯಾವುದೇ ಆಯೋಗದ ಕೆಲಸದಲ್ಲಿ ಆಸಕ್ತಿ ಇದ್ದವರು ಮೊದಲು ಕೇಳಬೇಕಾದದ್ದು ‘ಸಾರ್ವಜನಿಕ ವಿಚಾರಣೆ ಯಾವಾಗ, ಎಲ್ಲಿ’ ಎಂದು, ಅನಂತರ ‘ನಡಾವಳಿ ಎಲ್ಲಿ ಸಿಗುತ್ತದೆ’ ಎಂದು.

ವಿದ್ಯುತ್ ದರದ ವಿಚಾರಣೆ

ನಮ್ಮ ಮೂರು ಜಿಲ್ಲೆಗಳ ಜನರಿಗೆ ಹತ್ತಿರದಲ್ಲಿ ಸಿಗುವ, ಕಾನೂನಿನ ಬಲವೂ ಇರುವ ವಿಚಾರಣೆಯೆಂದರೆ ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ, ಅಂದರೆ ಕೆಇಆರ್‌ಸಿ, ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ದರದ ಅರ್ಜಿಯ ಮೇಲೆ ಕಲಬುರಗಿಯಲ್ಲಿ ನಡೆಸುವ ವಿಚಾರಣೆ. ಜೆಸ್ಕಾಂ ಕೇಂದ್ರ ಕಚೇರಿ ಕಲಬುರಗಿಯಲ್ಲೇ ಇದ್ದು, ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯನಗರ ಜಿಲ್ಲೆಗಳಿಗೆ ವಿದ್ಯುತ್ ಪೂರೈಸುತ್ತದೆ. ಇದನ್ನು ಚೆನ್ನಾಗಿ ಕಲಿತವರಿಗೆ ಬೇರೆ ಆಯೋಗಗಳ ಮುಂದೆ ನಿಲ್ಲುವುದು ಕಷ್ಟವಾಗುವುದಿಲ್ಲವಾದ್ದರಿಂದ ಇದರ ಬಗ್ಗೆಯೇ ಹೆಚ್ಚು ಬರೆಯುತ್ತೇನೆ.

2003ರ ವಿದ್ಯುಚ್ಛಕ್ತಿ ಕಾಯ್ದೆಯ 64ನೇ ಕಲಮಿನ ಪ್ರಕಾರ, ದರ ನಿಗದಿಗೆ ಅರ್ಜಿ ಹಾಕಿದ ಕಂಪನಿಯು ಅರ್ಜಿಯ ಸಾರಾಂಶವನ್ನು ಪ್ರಕಟಿಸಬೇಕು. ಸಾರ್ವಜನಿಕರಿಂದ ಬಂದ ಸಲಹೆ ಮತ್ತು ಆಕ್ಷೇಪಣೆಗಳನ್ನೆಲ್ಲ ಪರಿಗಣಿಸಿದ ಮೇಲೆಯೇ ಆಯೋಗ 120 ದಿನಗಳೊಳಗೆ ಆದೇಶ ಹೊರಡಿಸಬೇಕು. ಅದೇ ಕಾಯ್ದೆಯ 86ನೇ ಕಲಮಿನ ಮೂರನೇ ಉಪಕಲಮು ರಾಜ್ಯ ಆಯೋಗವು ತನ್ನ ಕೆಲಸದಲ್ಲಿ ಪಾರದರ್ಶಕವಾಗಿರಬೇಕೆಂದು ವಿಧಿಸುತ್ತದೆ. ಆಯೋಗವು ನಮ್ಮ ಮಾತನ್ನು ಕೇಳುವುದು ಕಾನೂನು ಹೊರಿಸಿದ ಕರ್ತವ್ಯ. ಸಭಾಂಗಣದಲ್ಲಿ ಯಾರಾದರೂ ಮಾತು ತಡೆಯಲು ಬಂದರೆ ಈ ಎರಡು ಕಲಮುಗಳನ್ನು ಸೌಜನ್ಯದಿಂದಲೇ ನೆನಪಿಸಬಹುದು.

ಹೊಸ ದರ ಏಪ್ರಿಲ್ 1ರಿಂದ ಜಾರಿಗೆ ಬರುವುದರಿಂದ, ಕಂಪನಿಗಳು ಸಾಮಾನ್ಯವಾಗಿ ನವೆಂಬರ್ ಅಂತ್ಯದ ಹೊತ್ತಿಗೆ ಅರ್ಜಿ ಸಲ್ಲಿಸುತ್ತವೆ. ಆಮೇಲೆ ಪತ್ರಿಕೆಗಳಲ್ಲಿ ಪ್ರಕಟಣೆ ಬರುತ್ತದೆ, ಆಕ್ಷೇಪಣೆ ಸಲ್ಲಿಸಲು ಸುಮಾರು ಒಂದು ತಿಂಗಳ ಗಡುವು ಇರುತ್ತದೆ, ಫೆಬ್ರವರಿ ಅಥವಾ ಮಾರ್ಚ್ ವೇಳೆಗೆ ವಿಚಾರಣೆ ನಡೆಯುತ್ತದೆ. ಹಾಗಾಗಿ ಡಿಸೆಂಬರ್ ಮತ್ತು ಜನವರಿಯಲ್ಲಿ ದಿನಪತ್ರಿಕೆಯ ಜಾಹೀರಾತು ಪುಟವನ್ನು ಬಿಡದೆ ನೋಡಬೇಕು. ಚಿಕ್ಕ ಅಕ್ಷರದ ಪ್ರಕಟಣೆ ಒಮ್ಮೆ ಕಣ್ತಪ್ಪಿದರೆ ಗಡುವು ಕಳೆದುಹೋಗುತ್ತದೆ. ಆಯೋಗ ಮತ್ತು ಜೆಸ್ಕಾಂ ಎರಡರ ಜಾಲತಾಣದಲ್ಲೂ ಪೂರ್ತಿ ಅರ್ಜಿಯನ್ನು ಹಾಕಿರುತ್ತಾರೆ. 2025ರ ಮಾರ್ಚ್ 27ರ ಆದೇಶದಲ್ಲಿ ಆಯೋಗವು 2025-26ರಿಂದ 2027-28ರವರೆಗಿನ ಮೂರು ವರ್ಷಗಳ ದರವನ್ನು ಒಟ್ಟಿಗೇ ನಿಗದಿಪಡಿಸಿತು. ಹಾಗೆಂದು ನಡುವಿನ ವರ್ಷಗಳಲ್ಲಿ ಕೆಲಸವಿಲ್ಲವೆಂದು ತಿಳಿಯಬಾರದು. ಕಂಪನಿ ಅಂದಾಜಿಸಿದ ಖರ್ಚಿಗೂ ನಿಜವಾಗಿ ಮಾಡಿದ ಖರ್ಚಿಗೂ ಇರುವ ವ್ಯತ್ಯಾಸವನ್ನು ಹೊಂದಿಸುವ ವಾರ್ಷಿಕ ಪರಿಶೀಲನೆಯಲ್ಲೂ ಬಳಕೆದಾರರ ಜೇಬಿನ ಪ್ರಶ್ನೆ ಇದ್ದೇ ಇರುತ್ತದೆ.

ಅರ್ಜಿ ನೂರಾರು ಪುಟಗಳದ್ದು, ಹೆಚ್ಚಾಗಿ ಇಂಗ್ಲಿಷಿನಲ್ಲಿರುತ್ತದೆ, ತುಂಬ ಕೋಷ್ಟಕಗಳಿರುತ್ತವೆ. ಎಲ್ಲವನ್ನೂ ಓದಲು ಹೊರಟವರು ಅರ್ಧಕ್ಕೇ ಕೈಬಿಡುತ್ತಾರೆ. ನನ್ನ ಸಲಹೆಯೆಂದರೆ ಮೂರು ಸಂಗತಿಗಳನ್ನು ಮಾತ್ರ ಹುಡುಕಿ ಓದಿ: ವಿತರಣಾ ನಷ್ಟ (ಬಳಕೆದಾರರನ್ನು ತಲುಪುವ ದಾರಿಯಲ್ಲಿ ಸೋರಿ, ಕಳುವಾಗಿ ಹೋದ ವಿದ್ಯುತ್) ಎಷ್ಟೆಂದು ತೋರಿಸಿದ್ದಾರೆ, ಐಪಿ ಸೆಟ್‌ಗಳು (ನೀರಾವರಿ ಪಂಪ್‌ಸೆಟ್‌ಗಳು) ಬಳಸಿದ ವಿದ್ಯುತ್ ಎಷ್ಟೆಂದು ಬರೆದಿದ್ದಾರೆ, ಹಿಂದಿನ ಆದೇಶದಲ್ಲಿ ಆಯೋಗ ನೀಡಿದ ನಿರ್ದೇಶನಗಳಿಗೆ ಏನು ಉತ್ತರ ಕೊಟ್ಟಿದ್ದಾರೆ. ಇವುಗಳಲ್ಲಿ ಎರಡನೆಯದು ನಮ್ಮ ಭಾಗಕ್ಕೆ ಬಹಳ ಮುಖ್ಯ. ರಾಜ್ಯದಲ್ಲಿ 10 ಎಚ್‌ಪಿವರೆಗಿನ ನೀರಾವರಿ ಪಂಪ್‌ಸೆಟ್‌ಗಳಿಗೆ ಉಚಿತ ವಿದ್ಯುತ್ ಇದ್ದು, ಅದರ ಹಣವನ್ನು ಸರ್ಕಾರ ಸಹಾಯಧನವಾಗಿ ಕಂಪನಿಗೆ ಕೊಡುತ್ತದೆ. ಬಹುತೇಕ ಪಂಪ್‌ಸೆಟ್‌ಗಳಿಗೆ ಮೀಟರ್ ಇಲ್ಲದ ಕಾರಣ ಅವುಗಳ ಬಳಕೆಯನ್ನು ಲೆಕ್ಕಾಚಾರದಿಂದ ಅಂದಾಜು ಮಾಡಬೇಕಾಗುತ್ತದೆ. ಆ ಅಂದಾಜು ನಿಜಕ್ಕಿಂತ ಹೆಚ್ಚಾದರೆ ತಂತಿಯಲ್ಲಿ ಸೋರಿದ, ಕಳುವಾದ ವಿದ್ಯುತ್ತೂ ರೈತರ ಲೆಕ್ಕಕ್ಕೆ ಬರೆಯಲ್ಪಡುತ್ತದೆ, ಕಂಪನಿಯ ನಷ್ಟ ಕಾಗದದಲ್ಲಿ ಕಡಿಮೆಯಾಗಿ ಕಾಣುತ್ತದೆ. ಮಾಡದ ಬಳಕೆಯನ್ನು ರೈತನ ತಲೆಗೆ ಕಟ್ಟಬಾರದೆಂದು ಕೇಳುವ ಜನ ವಿಚಾರಣೆಯಲ್ಲಿ ಪ್ರತಿವರ್ಷವೂ ಇರಬೇಕು.

ಆಕ್ಷೇಪಣೆ ಬರೆಯುವಾಗ ಯಾವ ಮಾತಿಗೆ ತೂಕವಿದೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ. ‘ದರ ಏರಿಸಬಾರದು, ಬಡವರಿಗೆ ಹೊರೆಯಾಗುತ್ತದೆ’ ಎಂಬ ವಾಕ್ಯ ಸತ್ಯವೇ, ಆದರೆ ಅದಕ್ಕೆ ಕಂಪನಿಯ ಉತ್ತರ ಮೊದಲೇ ಸಿದ್ಧವಿರುತ್ತದೆ. ಅದರ ಬದಲು ಹೀಗೆ ಬರೆಯಿರಿ (ಫೀಡರ್ ಎಂದರೆ ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೊರಡುವ ವಿದ್ಯುತ್ ಮಾರ್ಗ):

‘ಅರ್ಜಿಯ ಈ ಪುಟದ ಕೋಷ್ಟಕದಲ್ಲಿ ಚಿತ್ತಾಪುರ ಉಪವಿಭಾಗದ ಐಪಿ ಸೆಟ್‌ಗಳ ಬಳಕೆಯನ್ನು ತೋರಿಸಲಾಗಿದೆ. ಈ ಅಂಕಿಯನ್ನು ಮೀಟರ್ ಓದಿ ಪಡೆಯಲಾಗಿದೆಯೇ, ಅಂದಾಜಿನಿಂದ ಬರೆಯಲಾಗಿದೆಯೇ ಎಂಬುದನ್ನು ಕಂಪನಿ ತಿಳಿಸಬೇಕು. ಅಂದಾಜಾಗಿದ್ದಲ್ಲಿ, ಅದಕ್ಕೆ ಆಧಾರವಾದ ಫೀಡರ್‌ಗಳ ಪಟ್ಟಿಯನ್ನೂ ಆ ಫೀಡರ್‌ಗಳಲ್ಲಿ ದಿನಕ್ಕೆ ಎಷ್ಟು ಗಂಟೆ ತ್ರೀ ಫೇಸ್ ಪೂರೈಕೆಯಾಗಿದೆ ಎಂಬ ದಾಖಲೆಯನ್ನೂ ಆಯೋಗದ ಮುಂದಿಡಬೇಕು.’

ಇಂಥ ಪ್ರಶ್ನೆಗೆ ಕಂಪನಿ ದಾಖಲೆ ಸಮೇತ ಉತ್ತರಿಸಲೇಬೇಕಾಗುತ್ತದೆ. ಟಿಸಿ (ಊರಿನ ಟ್ರಾನ್ಸ್‌ಫಾರ್ಮರ್) ಸುಟ್ಟು ದಿನಗಟ್ಟಲೆ ಕತ್ತಲಲ್ಲಿದ್ದ ಊರಿನವರೂ ಹೀಗೆಯೇ ನಿಖರವಾಗಿ ಬರೆಯಬೇಕು. ಸುಟ್ಟ ಟಿಸಿ ಬದಲಿಸಲು ನಗರದಲ್ಲಿ 24 ಗಂಟೆ, ಹಳ್ಳಿಯಲ್ಲಿ 72 ಗಂಟೆ ಎಂಬ ಗಡುವನ್ನು ಆಯೋಗದ ಸೇವಾ ಮಾನದಂಡಗಳು ಹಾಕಿವೆ. ಸುಟ್ಟ ದಿನಾಂಕ, ಸೆಕ್ಷನ್ ಆಫೀಸಿಗೆ ದೂರು ಕೊಟ್ಟ ದಿನಾಂಕ, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆ ಮಾಡಿದಾಗ ಸಿಕ್ಕ ದೂರು ಸಂಖ್ಯೆ, ಹೊಸ ಟಿಸಿ ಬಂದ ದಿನಾಂಕ, ಈ ನಾಲ್ಕನ್ನು ಒಂದು ಸಾಲಿನಲ್ಲಿ ಬರೆದರೆ ಸಾಕು. ಕಲಬುರಗಿಯ ದಾಲ್ ಮಿಲ್‌ನವರು ಕೈಗಾರಿಕಾ ದರದ ಬಗ್ಗೆ ಮಾತಾಡುವಾಗಲೂ ತಮ್ಮ ಹನ್ನೆರಡು ತಿಂಗಳ ಬಿಲ್ಲುಗಳ ಪ್ರತಿಯನ್ನು ಲಗತ್ತಿಸಿದರೆ ಮಾತಿಗೆ ಬಲ ಬರುತ್ತದೆ.

ಲಿಖಿತ ಆಕ್ಷೇಪಣೆಯನ್ನು ಆಯೋಗದ ಕಾರ್ಯದರ್ಶಿಯವರ ಹೆಸರಿಗೆ ಬರೆಯಬೇಕು, ಕನ್ನಡದಲ್ಲಿ ಬರೆಯಬಹುದು. ಅದನ್ನು ಅಫಿಡವಿಟ್ ಜೊತೆ ಕೊಡಬೇಕೆಂದೂ, ಇಂತಿಷ್ಟು ಪ್ರತಿಗಳು ಬೇಕೆಂದೂ, ಒಂದು ಪ್ರತಿಯನ್ನು ಕಂಪನಿಗೂ ತಲುಪಿಸಬೇಕೆಂದೂ ಪ್ರಕಟಣೆಯಲ್ಲಿ ಹೇಳಿರುತ್ತಾರೆ. ಆ ಸೂಚನೆಗಳನ್ನು ಅಕ್ಷರಶಃ ಪಾಲಿಸಿ, ಏಕೆಂದರೆ ಒಳ್ಳೆಯ ಆಕ್ಷೇಪಣೆ ನಮೂನೆಯ ಕೊರತೆಯಿಂದ ಪಕ್ಕಕ್ಕೆ ಸರಿಯುವುದು ದುಃಖದ ಸಂಗತಿ. ಕಂಪನಿಯ ಪ್ರತಿಯನ್ನು ಕಲಬುರಗಿಯ ಕೇಂದ್ರ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ದಿನಾಂಕವಿರುವ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಪತ್ರದ ಕೊನೆಯಲ್ಲಿ ‘ಸಾರ್ವಜನಿಕ ವಿಚಾರಣೆಯಲ್ಲಿ ಖುದ್ದಾಗಿ ಹಾಜರಾಗಿ ಮಾತನಾಡಲು ಬಯಸುತ್ತೇನೆ’ ಎಂಬ ಸಾಲನ್ನು ಬಿಡದೆ ಸೇರಿಸಿ; ಈ ಸಾಲು ಇದ್ದವರ ಹೆಸರನ್ನು ಮಾತನಾಡುವವರ ಪಟ್ಟಿಗೆ ಸೇರಿಸಿಕೊಳ್ಳುತ್ತಾರೆ. ವೈಯಕ್ತಿಕ ಬಿಲ್ಲಿನ ತಕರಾರನ್ನು ಮಾತ್ರ ಇಲ್ಲಿಗೆ ತರಬೇಡಿ. ಅದಕ್ಕೆ ಇದೇ ಕಾಯ್ದೆಯ 42ನೇ ಕಲಮಿನಡಿ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇದೆ, ಅದರ ತೀರ್ಮಾನ ಒಪ್ಪದವರ ಅಹವಾಲು ಕೇಳಲು ಒಂಬುಡ್ಸ್‌ಮನ್ ಇದ್ದಾರೆ.

ವಿಚಾರಣೆಯ ದಿನ ಸಭಾಂಗಣದ ಬಾಗಿಲಲ್ಲಿ ಹಾಜರಿ ಪುಸ್ತಕ ಇರುತ್ತದೆ. ಹೆಸರು, ಊರು ಬರೆದು ಸಹಿ ಮಾಡಿ. ವೇದಿಕೆಯ ಮೇಲೆ ಆಯೋಗದ ಅಧ್ಯಕ್ಷರು, ಸದಸ್ಯರು ಇರುತ್ತಾರೆ. ಮೊದಲು ಕಂಪನಿಯ ವ್ಯವಸ್ಥಾಪಕ ನಿರ್ದೇಶಕರು ಪರದೆಯ ಮೇಲೆ ತಮ್ಮ ಅರ್ಜಿಯನ್ನು ವಿವರಿಸುತ್ತಾರೆ, ಬಳಿಕ ಲಿಖಿತ ಆಕ್ಷೇಪಣೆ ಕೊಟ್ಟವರ ಸರದಿ ಬರುತ್ತದೆ, ಸಮಯ ಉಳಿದರೆ ಬೇರೆಯವರಿಗೂ ಅವಕಾಶ ಸಿಗುತ್ತದೆ. ನಿಮಗೆ ಸಿಗುವುದು ಕೆಲವೇ ನಿಮಿಷ. ಬರೆದುಕೊಟ್ಟದ್ದನ್ನು ಪೂರ್ತಿ ಓದುವ ಬದಲು ಅತಿ ಮುಖ್ಯವಾದ ಒಂದೇ ಅಂಶವನ್ನು ಪುಟ ಸಂಖ್ಯೆ ಸಮೇತ ಹೇಳಿ, ‘ಇದಕ್ಕೆ ಕಂಪನಿ ಇಂದು ಉತ್ತರಿಸದಿದ್ದರೆ ಲಿಖಿತ ಉತ್ತರ ಕೊಡಲು ನಿರ್ದೇಶಿಸಬೇಕು’ ಎಂದು ಕೋರಿ ಕುಳಿತುಕೊಳ್ಳಿ. ನಮ್ಮ ಕಡೆಯ ಮಾತಿನ ಧಾಟಿಯಲ್ಲಿಯೇ ಮಾತನಾಡಿ. ಗ್ರಾಂಥಿಕ ಕನ್ನಡ ಬಾರದೆಂದು ಹಿಂಜರಿಯುವ ಅಗತ್ಯ ಎಳ್ಳಷ್ಟೂ ಇಲ್ಲ. ಸೆಕ್ಷನ್ ಆಫೀಸಿನ ಸಿಬ್ಬಂದಿಯ ಮೇಲಿನ ಸಿಟ್ಟನ್ನು ಅಲ್ಲಿ ತೋಡಿಕೊಂಡರೆ ಚಪ್ಪಾಳೆ ಸಿಗಬಹುದು, ಆದರೆ ಆದೇಶದಲ್ಲಿ ಅದಕ್ಕೆ ಜಾಗ ಸಿಗುವುದಿಲ್ಲ.

ದೂರದ ಸಮಸ್ಯೆಯನ್ನೂ ಹೇಳಬೇಕು. ಏಳು ಜಿಲ್ಲೆಗಳ ಕಂಪನಿಯ ವಿಚಾರಣೆ ಕಲಬುರಗಿಯಲ್ಲಿ ನಡೆದರೆ ಔರಾದ್‌ನ ರೈತನಿಗೂ ಸುರಪುರದ ಸಣ್ಣ ಅಂಗಡಿಯವನಿಗೂ ಒಂದು ದಿನದ ದುಡಿಮೆ ಹೋಗುತ್ತದೆ. ಬೀದರ್‌ನಿಂದ ಹುಮನಾಬಾದ್ ಮೇಲೆ, ಯಾದಗಿರಿಯಿಂದ ವಾಡಿ ಮೇಲೆ ರೈಲಿದೆ ನಿಜ, ಆದರೆ ಶಹಾಪುರ, ಸುರಪುರದಂಥ ಊರುಗಳವರಿಗೆ ಬಸ್ಸೇ ಗತಿ. ಸರದಿಯ ಮೇಲೆ ಬೀದರ್ ಮತ್ತು ಯಾದಗಿರಿಯಲ್ಲೂ ಆಯೋಗ ವಿಚಾರಣೆ ನಡೆಸಬೇಕೆಂಬುದು ನನ್ನ ಬಲವಾದ ಅಭಿಪ್ರಾಯ, ಇದನ್ನು ಪ್ರತಿಯೊಬ್ಬರೂ ತಮ್ಮ ಆಕ್ಷೇಪಣೆಯಲ್ಲಿ ಒಂದು ಸಾಲಾಗಿ ಬರೆಯಬೇಕು. ಅಲ್ಲಿಯವರೆಗೆ, ಬರಲಾಗದವರು ಲಿಖಿತ ಆಕ್ಷೇಪಣೆ ಕಳುಹಿಸಿದರೂ ಅದು ದಾಖಲೆಗೆ ಸೇರುತ್ತದೆ. ಒಂದು ಊರಿನ ಹತ್ತು ಜನ ಸೇರಿ ಬರೆದು, ಒಬ್ಬರನ್ನು ಮಾತನಾಡಲು ಕಳುಹಿಸುವುದು ಇನ್ನೂ ಒಳ್ಳೆಯದು.

ಆದೇಶ ಬಂದ ಮೇಲೆ ಅದನ್ನು ತೆರೆದು ನೋಡುವುದನ್ನು ಮರೆಯಬೇಡಿ. ಸಾರ್ವಜನಿಕರ ಆಕ್ಷೇಪಣೆ, ಅದಕ್ಕೆ ಕಂಪನಿಯ ಉತ್ತರ, ಅದರ ಮೇಲೆ ಆಯೋಗದ ಅಭಿಪ್ರಾಯ, ಈ ಮೂರನ್ನೂ ಆದೇಶದ ಒಂದು ಭಾಗದಲ್ಲಿ ದಾಖಲಿಸಿರುತ್ತಾರೆ. ನಿಮ್ಮ ಪ್ರಶ್ನೆಗೆ ಅಲ್ಲಿ ಸಿಕ್ಕ ಉತ್ತರವೇ ಮುಂದಿನ ವರ್ಷದ ನಿಮ್ಮ ಆಕ್ಷೇಪಣೆಯ ಮೊದಲ ಸಾಲಾಗಬೇಕು. ಆದೇಶದಿಂದ ಬಾಧಿತರಾದವರು 111ನೇ ಕಲಮಿನಡಿ 45 ದಿನಗಳೊಳಗೆ ವಿದ್ಯುತ್ ಮೇಲ್ಮನವಿ ನ್ಯಾಯಮಂಡಳಿಗೆ ಹೋಗಬಹುದು, ಆದರೆ ಅದಕ್ಕೆ ವಕೀಲರ ನೆರವು ಬೇಕಾಗುತ್ತದೆ.

ಉಳಿದ ಆಯೋಗಗಳು

ಕರ್ನಾಟಕ ರಾಜ್ಯ ಹಿಂದುಳಿದ ವರ್ಗಗಳ ಆಯೋಗವು 1995ರ ಕಾಯ್ದೆಯಡಿ ಕೆಲಸ ಮಾಡುತ್ತದೆ. ಪಟ್ಟಿಗೆ ಸೇರಿಸುವಂತೆ ಬಂದ ಕೋರಿಕೆಗಳನ್ನೂ, ಸೇರಿಸಿದ್ದರ ಬಗೆಗಿನ ದೂರುಗಳನ್ನೂ ಅದು ಕೇಳಬೇಕು. ಆಯೋಗ ಜಿಲ್ಲೆಗೆ ಬಂದಾಗ ಜಿಲ್ಲಾಡಳಿತದ ಪತ್ರಿಕಾ ಪ್ರಕಟಣೆ ಹೊರಡುತ್ತದೆ, ಆದ್ದರಿಂದ ವಾರ್ತಾ ಮತ್ತು ಸಾರ್ವಜನಿಕ ಸಂಪರ್ಕ ಇಲಾಖೆಯ ಜಿಲ್ಲಾ ಕಚೇರಿಯನ್ನು ಆಗಾಗ ವಿಚಾರಿಸುತ್ತಿರಬೇಕು. ಮಹಿಳಾ ಆಯೋಗ, ಮಕ್ಕಳ ಹಕ್ಕುಗಳ ಆಯೋಗ ಮತ್ತು ಮಾನವ ಹಕ್ಕುಗಳ ಆಯೋಗಗಳ ಮುಂದೆ ಬರುವುದು ನೊಂದವರ ಖಾಸಗಿ ಬದುಕಿನ ಸಂಗತಿ. ದೂರುದಾರರಲ್ಲದವರು ಅಲ್ಲಿ ಕುತೂಹಲದಿಂದ ಕೂರುವುದು ಸರಿಯಲ್ಲ, ಫೋಟೊ ತೆಗೆಯುವುದಂತೂ ಕೂಡದು.

1952ರ ವಿಚಾರಣಾ ಆಯೋಗಗಳ ಕಾಯ್ದೆಯಡಿ ಸರ್ಕಾರ ನೇಮಿಸುವ ಆಯೋಗಗಳ ವಿಷಯದಲ್ಲಿ, ಬಹಿರಂಗವಾಗಿ ಕೂರಬೇಕೋ ಗೋಪ್ಯವಾಗಿ ಕೂರಬೇಕೋ ಎಂಬುದನ್ನು ಆಯೋಗವೇ ನಿರ್ಧರಿಸಬಹುದೆಂದು ಆ ಕಾಯ್ದೆಯ 8ನೇ ಕಲಮು ಹೇಳುತ್ತದೆ. ಹಾಗಾಗಿ ಹೊರಡುವ ಮುನ್ನ ಆಯೋಗದ ಕಾರ್ಯದರ್ಶಿಯವರಿಗೆ ಪತ್ರ ಬರೆದು ಕೇಳುವುದು ಲೇಸು.

ಕ್ಷೇತ್ರ ಪುನರ್ವಿಂಗಡಣೆಯನ್ನು, ಅಂದರೆ ಚುನಾವಣಾ ಕ್ಷೇತ್ರಗಳ ಗಡಿಯನ್ನು ಹೊಸದಾಗಿ ಗುರುತಿಸುವುದನ್ನು, ನಮ್ಮ ಮೂರು ಜಿಲ್ಲೆಗಳವರು ಮರೆಯುವಂತಿಲ್ಲ. 2002ರ ಕಾಯ್ದೆಯಡಿ ನಡೆದ ಪುನರ್ವಿಂಗಡಣೆಯಲ್ಲಿ ಶಹಾಬಾದ್, ಕಮಲಾಪುರ ವಿಧಾನಸಭಾ ಕ್ಷೇತ್ರಗಳು ಇಲ್ಲವಾದವು, ಗುಲಬರ್ಗಾ ಲೋಕಸಭಾ ಕ್ಷೇತ್ರ ಪರಿಶಿಷ್ಟ ಜಾತಿಗೆ ಮೀಸಲಾಯಿತು, ಅದುವರೆಗೆ ಮೀಸಲಾಗಿದ್ದ ಬೀದರ್ ಸಾಮಾನ್ಯ ಕ್ಷೇತ್ರವಾಯಿತು. ಆಯೋಗವು ಕರಡನ್ನು ಪ್ರಕಟಿಸಿ, ಆಕ್ಷೇಪಣೆ ಸ್ವೀಕರಿಸಿ, ಪ್ರತಿ ರಾಜ್ಯದಲ್ಲೂ ಒಂದು ಅಥವಾ ಹೆಚ್ಚು ಬಹಿರಂಗ ಅಧಿವೇಶನ ನಡೆಸಬೇಕೆಂದು ಆ ಕಾಯ್ದೆಯಲ್ಲಿಯೇ ಇತ್ತು. ಮುಂದೆ ಜನಗಣತಿಯ ನಂತರ ಹೊಸ ಪುನರ್ವಿಂಗಡಣೆ ಬಂದಾಗ, ಕರಡಿನ ಮೇಲೆ ಆಕ್ಷೇಪಣೆ ಸಲ್ಲಿಸುವ ಅವಧಿಯೊಂದೇ ನಮಗಿರುವ ಅವಕಾಶ. ಅಂತಿಮ ಆದೇಶ ರಾಜ್ಯಪತ್ರದಲ್ಲಿ ಪ್ರಕಟವಾದ ಮೇಲೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದು ಬಹಳ ಕಷ್ಟ.

ಸೇಡಂ, ಚಿತ್ತಾಪುರ ಭಾಗದ ಸಿಮೆಂಟ್ ಗಣಿಗಳಿಗೆ, ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದ ಘಟಕಗಳಂಥವಕ್ಕೆ ಸಂಬಂಧಿಸಿದ ಪರಿಸರ ವಿಚಾರಣೆಯನ್ನು ನಡೆಸುವುದು ಆಯೋಗವಲ್ಲ, ಮಾಲಿನ್ಯ ನಿಯಂತ್ರಣ ಮಂಡಳಿ. ಆದರೂ ಹಳ್ಳಿಯವರಿಗೆ ಅತಿ ಹೆಚ್ಚು ತೆರೆದಿರುವ ವೇದಿಕೆ ಅದೇ. ಪರಿಸರ ಪರಿಣಾಮ ಮೌಲ್ಯಮಾಪನದ 2006ರ ಅಧಿಸೂಚನೆಯ ಪ್ರಕಾರ ಕನಿಷ್ಠ 30 ದಿನ ಮೊದಲು ಪತ್ರಿಕಾ ಪ್ರಕಟಣೆ ಬರಬೇಕು, ಯೋಜನೆಯ ಪರಿಸರ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲಿ ಜಿಲ್ಲಾಧಿಕಾರಿ ಕಚೇರಿ ಮತ್ತು ಜಿಲ್ಲಾ ಪಂಚಾಯಿತಿಯಂಥ ಕಡೆ ಸಿಗಬೇಕು, ಇಡೀ ನಡಾವಳಿಯನ್ನು ವಿಡಿಯೊ ಮಾಡಬೇಕು, ಕೊನೆಯಲ್ಲಿ ನಡಾವಳಿಯ ಸಾರವನ್ನು ಸ್ಥಳೀಯ ಭಾಷೆಯಲ್ಲಿ ಸಭೆಗೆ ಓದಿ ಹೇಳಬೇಕು. ಓದಿ ಹೇಳುವವರೆಗೆ ಯಾರೂ ಎದ್ದು ಹೋಗಬೇಡಿ. ನಿಮ್ಮ ಮಾತು ಅದರಲ್ಲಿ ಇಲ್ಲದಿದ್ದರೆ ಅಲ್ಲೇ ಎದ್ದುನಿಂತು ಸೇರಿಸುವಂತೆ ಕೇಳಿ.

ಮುಚ್ಚಿದ ಸಭೆಗಳ ನಡಾವಳಿ ಪಡೆಯುವುದು

ಸಂವಿಧಾನದ 371(ಜೆ) ವಿಧಿಯಡಿ ರಚನೆಯಾದ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಚೇರಿ ಕಲಬುರಗಿಯಲ್ಲೇ ಇದೆ. ನಮ್ಮ ಶಾಲೆ, ರಸ್ತೆ, ಆಸ್ಪತ್ರೆಗಳ ಹಣ ಹಂಚಿಕೆ ಅಲ್ಲಿ ಚರ್ಚೆಯಾಗುತ್ತದೆ, ಆದರೆ ಮಂಡಳಿಯ ಸಭೆಯಲ್ಲಿ ಸಾರ್ವಜನಿಕರಿಗೆ ಕುರ್ಚಿ ಹಾಕುವ ಪದ್ಧತಿಯಿಲ್ಲ. ಮಂಡಳಿಯ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕೆಂದು ಆ ವಿಧಿಯೇ ಹೇಳುತ್ತದೆ. ಸಭೆಗಳ ವಿಷಯಕ್ಕೆ 2005ರ ಮಾಹಿತಿ ಹಕ್ಕು ಕಾಯ್ದೆ ನೆರವಾಗುತ್ತದೆ. ಅದರ 4(1)(ಬಿ) ಕಲಮಿನ ಎಂಟನೇ ಅಂಶದಂತೆ, ಪ್ರತಿಯೊಂದು ಸಾರ್ವಜನಿಕ ಪ್ರಾಧಿಕಾರವೂ ತನ್ನ ಮಂಡಳಿ, ಪರಿಷತ್ತು, ಸಮಿತಿಗಳ ವಿವರವನ್ನೂ, ಅವುಗಳ ಸಭೆಗಳು ಸಾರ್ವಜನಿಕರಿಗೆ ತೆರೆದಿವೆಯೇ, ನಡಾವಳಿಗಳು ಸಾರ್ವಜನಿಕರಿಗೆ ಲಭ್ಯವಿವೆಯೇ ಎಂಬುದನ್ನೂ ಯಾರೂ ಕೇಳುವ ಮೊದಲೇ ಪ್ರಕಟಿಸಬೇಕು. ಯಾವ ಕಚೇರಿಗೆ ಹೋದರೂ ಮೊದಲು ಈ ಒಂದು ಪುಟವನ್ನು ಕೇಳಿ. ‘ಸಭೆಗೆ ಪ್ರವೇಶವಿಲ್ಲ’ ಎಂದು ಬಾಯಿಮಾತಿನಲ್ಲಿ ಹೇಳಿದವರೂ ಬರೆದದ್ದನ್ನು ತೋರಿಸಬೇಕಾಗುತ್ತದೆ.

ಅರ್ಜಿಯನ್ನು ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಜೊತೆ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಕೊಡಬೇಕು. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯವಿರಬೇಕು, ಅದು 150 ಪದಗಳನ್ನು ಮೀರಬಾರದು. ಆದ್ದರಿಂದ ಕಾರಣ, ಪೀಠಿಕೆ ಬರೆಯದೆ ಹೀಗಷ್ಟೇ ಬರೆಯಿರಿ:

‘2024ರ ಏಪ್ರಿಲ್ 1ರಿಂದ 2025ರ ಮಾರ್ಚ್ 31ರವರೆಗೆ ನಡೆದ ಮಂಡಳಿ ಸಭೆಗಳ ಕಾರ್ಯಸೂಚಿ, ಹಾಜರಿ ಮತ್ತು ನಡಾವಳಿಗಳ ದೃಢೀಕೃತ ಪ್ರತಿಗಳನ್ನು ನೀಡಬೇಕು. ಯಾವುದಾದರೂ ಭಾಗವನ್ನು ಕೊಡಲಾಗದಿದ್ದರೆ, ಕಾಯ್ದೆಯ 10ನೇ ಕಲಮಿನಂತೆ ಆ ಭಾಗವನ್ನು ಬಿಟ್ಟು ಉಳಿದದ್ದನ್ನು ಕೊಟ್ಟು, ಬಿಟ್ಟ ಕಾರಣವನ್ನು ಕಲಮು ಸಮೇತ ತಿಳಿಸಬೇಕು.’

30 ದಿನಗಳೊಳಗೆ ಉತ್ತರ ಬರಬೇಕು. ಬರದಿದ್ದರೆ ಅನಂತರ ಕೊಡುವ ಮಾಹಿತಿಗೆ ಶುಲ್ಕ ಕೇಳುವಂತಿಲ್ಲ. ಉತ್ತರ ಸಿಗದೆ ಹೋದರೆ ಅಥವಾ ಸಮಾಧಾನವಾಗದಿದ್ದರೆ 30 ದಿನಗಳೊಳಗೆ ಅದೇ ಕಚೇರಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನಗಳೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಸಲ್ಲಿಸಬೇಕು. ಮಾಹಿತಿ ಆಯೋಗದ ಪೀಠ ಕಲಬುರಗಿಯಲ್ಲಿದೆ. ವಿಚಾರಣೆಯ ನೋಟಿಸ್ ಬಂದ ದಿನ ಮೂಲ ಅರ್ಜಿ, ಪೋಸ್ಟಲ್ ಆರ್ಡರ್‌ನ ಪ್ರತಿ, ಸ್ವೀಕೃತಿ, ಮೊದಲ ಮೇಲ್ಮನವಿ, ಇವನ್ನು ದಿನಾಂಕದ ಕ್ರಮದಲ್ಲಿ ಹೊಲಿದು ಒಂದೇ ಕಡತವಾಗಿ ಒಯ್ಯಿರಿ. ಎದುರು ಪಕ್ಷದ ಅಧಿಕಾರಿ ಅಲ್ಲೇ ಮಾಹಿತಿಯ ಕಟ್ಟು ಕೈಗಿತ್ತು ಪ್ರಕರಣ ಮುಗಿಸಲು ಕೇಳಿದರೆ ಆತುರದಿಂದ ಒಪ್ಪಿ ಸಹಿ ಮಾಡಬೇಡಿ. ಪುಟಗಳನ್ನು ಎಣಿಸಿ, ಕೇಳಿದ ಪ್ರತಿಯೊಂದು ಸಭೆಯ ನಡಾವಳಿಯೂ ಅದರಲ್ಲಿದೆಯೇ ಎಂದು ಅಲ್ಲೇ ನೋಡಿ, ಕೊರತೆಯಿದ್ದರೆ ಯಾವ ದಿನಾಂಕದ ಸಭೆಯದು ಇಲ್ಲವೆಂಬುದನ್ನು ಪೀಠದ ಮುಂದೆ ಹೇಳಿ ದಾಖಲಿಸಿಕೊಳ್ಳುವಂತೆ ಕೋರಿರಿ.